ಹಿರಿಯರ ಇಗರ್ಜಿ, ನಮ್ಮ ವಂತಿಗೆ

ಹಿರಿಯರು ಕಟ್ಟಿದ ದೇವಾಲಯವನ್ನು ಉಳಿಸಿಕೊಳ್ಳುವುದು ಹೊಸದನ್ನು ಕಟ್ಟುವುದಕ್ಕಿಂತ ಕಷ್ಟದ ಕೆಲಸ. ಹೊಸ ಕಟ್ಟಡದಲ್ಲಿ ದಾನಿಯ ಹೆಸರಿನ ಕಲ್ಲನ್ನು ನಿಲ್ಲಿಸಬಹುದು. ಸೋರುವ ಮಾಳಿಗೆಯ ದುರಸ್ತಿಗೆ ಯಾರ ಹೆಸರನ್ನು ಕೆತ್ತುವುದು? ಆದ್ದರಿಂದಲೇ ಜೀರ್ಣೋದ್ಧಾರಕ್ಕೆಂದು ಎತ್ತಿದ ಹಣ ಅನೇಕ ಊರುಗಳಲ್ಲಿ ಹಳೆಯದನ್ನು ಕೆಡವುವುದಕ್ಕೇ ವಿನಿಯೋಗವಾಗುತ್ತದೆ.

ನಿವೃತ್ತಿಯ ನಂತರ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಿಬಂದೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕಟ್ಟಡವದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಮುಳುಗಡೆಯಾಗಿ ಜನ ಬೇರೆಡೆಗೆ ಹೋದರು. ಮಳೆಗಾಲದಲ್ಲಿ ನೀರು ಕಮಾನುಗಳವರೆಗೆ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಭಾವಚಿತ್ರ ತೆಗೆಯುವವರು ಅಲ್ಲಿ ಬಹಳ; ಪೂಜೆಯ ಗಂಟೆಗೆ ಕಿವಿಗೊಡುವ ಮನೆಗಳು ಮಾತ್ರ ಇಲ್ಲ.

ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯ ಕಥೆ ಇದಕ್ಕೆ ವಿರುದ್ಧವಾದುದು. 1680ರಲ್ಲಿ ಸ್ಥಾಪನೆಗೊಂಡ ಅದು 1784ರಲ್ಲಿ, ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ನೆಲಸಮವಾಯಿತು. ಅಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. 1799ರ ತರುವಾಯ ಬದುಕುಳಿದು ಮರಳಿದವರು ಇಗರ್ಜಿಯನ್ನು ಮತ್ತೆ ಎಬ್ಬಿಸಿದರು. ಶೆಟ್ಟಿಹಳ್ಳಿಯಲ್ಲಿ ಗೋಡೆ ಉಳಿದು ಜನ ಚದುರಿದರು. ಮಂಗಳೂರಿನಲ್ಲಿ ಗೋಡೆ ಬಿದ್ದರೂ ಜನ ಹಿಂದಿರುಗಿದರು.

ವಂತಿಗೆಯ ಪುಸ್ತಕ ಹಿಡಿದು ಹೊರಡುವವರು ಇದನ್ನು ಮನಗಾಣಬೇಕು. ಮುಖ್ಯೋಪಾಧ್ಯಾಯನಾಗಿದ್ದಾಗ ಶಾಲೆಯ ಒಂದು ಕೋಣೆಗಾಗಿ ನಾನೂ ಮನೆಮನೆ ಸುತ್ತಿದ್ದೇನೆ. ಹತ್ತು ರೂಪಾಯಿ ಕೊಟ್ಟ ಕೂಲಿಯವರು ಸಂಜೆ ಹೊಲದಿಂದ ಬರುವಾಗ ಗೋಡೆ ಎಷ್ಟು ಎದ್ದಿದೆಯೆಂದು ನಿಂತು ನೋಡಿ ಹೋಗುತ್ತಿದ್ದರು. ಆ ಕೋಣೆಗೆ ಬೇರೆ ಕಾವಲುಗಾರ ಬೇಕಾಗಲಿಲ್ಲ. ಒಬ್ಬ ಧನಿಕನ ಲಕ್ಷದಿಂದ ಕೆಲಸ ಬೇಗ ಮುಗಿದೀತು. ನೂರು ಮನೆಗಳ ಹತ್ತು ರೂಪಾಯಿಯಿಂದ ಕಟ್ಟಡಕ್ಕೆ ನೂರು ಮಂದಿ ವಾರಸುದಾರರು ದೊರೆಯುತ್ತಾರೆ.

ಹಣ ಕೂಡಿದ ಮೇಲೂ ವಿವೇಕ ಬೇಕು. ಹಳೆಯ ಇಗರ್ಜಿಗಳು ಸುಣ್ಣದ ಗಾರೆಯವು. ಆ ಗೋಡೆ ಹೀರಿದ ತೇವವನ್ನು ತಾನೇ ಹೊರಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಪುಡಿಯಾಗುತ್ತದೆ. ಗಾರೆಯ ಕೆಲಸ ಬಲ್ಲವರನ್ನು ಹುಡುಕಿ ತರುವುದಕ್ಕೆ ಮೊದಲ ಖರ್ಚು ಸಲ್ಲಲಿ. ಐತಿಹಾಸಿಕ ಮಹತ್ವದ್ದೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ದೇವಸ್ಥಾನ, ಮಸೀದಿ, ಇಗರ್ಜಿಗಳ ದುರಸ್ತಿಗೆ ಕೊಟ್ಟ ದಾನಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ರಿಯಾಯಿತಿ ಕಲ್ಪಿಸಲಾಗಿದೆ. ಪರದೇಶದ ಪೌರತ್ವ ಪಡೆದ ಬಂಧುಗಳಿಂದ ಹಣ ಪಡೆಯಬೇಕಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಂತೆ ಸಂಸ್ಥೆಗೆ ನೋಂದಣಿ ಇರಬೇಕು. ಜಮಾಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳೂ ಬಾಗಿಲಲ್ಲಿ ಅಂಟಿಸಿದರೆ ಎರಡನೆಯ ಸಲ ಕೈಚಾಚಲು ಸಂಕೋಚವಿರದು.

ಈ ಮಾತು ಕ್ರೈಸ್ತ ಬಾಂಧವರಿಗೆ ಮಾತ್ರ ಮೀಸಲಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ಈ ಗಡಿಯ ಕನ್ನಡಿಗರ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ದೂರ ದೂರ ಹೋಗಿದ್ದಾರೆ. ನಮ್ಮ ದೇವನಕೊಂಡದ ಸುತ್ತಲಿನ ಹಳ್ಳಿಗಳಲ್ಲಿಯೂ ಬೀಗ ಹಾಕಿದ ಮನೆಗಳಿವೆ, ಬಿರುಕು ಬಿಟ್ಟ ಗುಡಿಗಳಿವೆ. ಸಮ್ಮೇಳನಕ್ಕೆ ಕೂಡಿರುವ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನಿಮ್ಮ ಹಿರಿಯರ ಊರಿನಿಂದ ವಂತಿಗೆಯ ಕರೆ ಬಂದಾಗ ಹಣದೊಡನೆ ಮಕ್ಕಳನ್ನೂ ಕರೆದೊಯ್ಯಿರಿ. ರಸೀದಿ ಅವರ ಹೆಸರಿನಲ್ಲಿರಲಿ.