ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಬಸವನಗುಡಿ, ಜಯನಗರಗಳ ಎಷ್ಟೋ ಮನೆಗಳಲ್ಲಿ ಇಂದು ಎರಡು ಗಡಿಯಾರಗಳು ನಡೆಯುತ್ತವೆ. ಒಂದು ಗೋಡೆಯ ಮೇಲಿನದು; ಇನ್ನೊಂದು ತಾಯಿಯ ಮನಸ್ಸಿನಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊದ್ದು. ಚಳಿಗಾಲದಲ್ಲಿ ಅದು ಇಲ್ಲಿಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಗನು ಅಲ್ಲಿ ಕೆಲಸಕ್ಕೆ ಹೊರಡುವ ಹೊತ್ತಿಗೆ ಇಲ್ಲಿ ರಾತ್ರಿಯ ಊಟ ಮುಗಿದಿರುತ್ತದೆ. ಫೋನಿನ ಮಾತಿಗೆ ಇಷ್ಟು ಲೆಕ್ಕ ಸಾಕು. ಆದರೆ ಮನೆಯ ಹಿರಿಯರು ಹಾಸಿಗೆ ಹಿಡಿದ ದಿನ ಏಳುವ ಪ್ರಶ್ನೆಯೇ ಬೇರೆ: ಈಗಲೇ ಹೊರಟರೆ ಎಷ್ಟು ಹೊತ್ತಿಗೆ ಬಂದಾನು?

ಶಾಲೆಯ ಗೋಡೆಯ ಭೂಪಟವನ್ನು ನಂಬಿದರೆ, ಪೂರ್ವಾಭಿಮುಖವಾಗಿ ಹೊರಟು ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟಬೇಕೆಂದು ತೋರುವುದು. ದುಂಡನೆಯ ಭೂಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ನಿಜಾಂಶ ಹೊರಬೀಳುತ್ತದೆ. ಆ ದಾರವು ಬೆಂಗಳೂರನ್ನು ಬಿಟ್ಟು ಬಹುಮಟ್ಟಿಗೆ ಉತ್ತರಕ್ಕೇ ಸಾಗಿ, ನೇಪಾಳ, ಟಿಬೆಟ್, ಮಂಗೋಲಿಯಗಳನ್ನು ಹಾಯ್ದು, ಸೈಬೀರಿಯದ ಉತ್ತರ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ದೂರ ಸುಮಾರು 13,990 ಕಿಲೋಮೀಟರು, ಎಂದರೆ ಹತ್ತಿರ ಹತ್ತಿರ 8,700 ಮೈಲಿ.

ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದೆ ಹಾರಿದ ಮೊದಲ ವಿಮಾನ ಏರ್ ಇಂಡಿಯಾದ ಬೋಯಿಂಗ್ 777. 2021ರ ಜನವರಿ 9ರ ರಾತ್ರಿ ಅದು ಸ್ಯಾನ್ ಫ್ರಾನ್ಸಿಸ್ಕೊವನ್ನು ಬಿಟ್ಟಿತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರು; ನಾಯಕಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಅವರು ಹಿಡಿದದ್ದು ದಾರ ತೋರಿದ ಹಾದಿಯನ್ನಲ್ಲ, ಉತ್ತರ ಧ್ರುವದ ಹಾದಿಯನ್ನು. ಧ್ರುವದ ಮೇಲಿಂದ ಬಂದರೆ ದೂರ ಸುಮಾರು ನಾನೂರು ಕಿಲೋಮೀಟರು ಹೆಚ್ಚೇ ಆಗುತ್ತದೆ. ಸುತ್ತು ದಾರಿ ಏತಕ್ಕೆಂದರೆ, ಆಕಾಶದಲ್ಲಿ ದೂರಕ್ಕಿಂತ ಗಾಳಿಯ ಮಾತು ನಡೆಯುತ್ತದೆ. ಮೇಲ್ಮಟ್ಟದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವಾಯುಪ್ರವಾಹವು ಗಂಟೆಗೆ 200 ಕಿಲೋಮೀಟರಿಗೂ ಮೀರಿ ಬೀಸುವುದುಂಟು. ಗಂಟೆಗೆ 900 ಕಿಲೋಮೀಟರು ಹಾರುವ ವಿಮಾನಕ್ಕೆ ಅದು ಬೆನ್ನಿಗೆ ಬಂದರೆ ಲಾಭ, ಎದುರಾದರೆ ಇಂಧನವೂ ಹೊತ್ತೂ ನಷ್ಟ. ಆದ್ದರಿಂದಲೇ ಅದೇ ಎರಡು ಊರುಗಳ ನಡುವೆ ಹೋಗುವ ಹೊತ್ತೇ ಬೇರೆ, ಬರುವ ಹೊತ್ತೇ ಬೇರೆ.

ಧ್ರುವದ ಹಾದಿಯೂ ಸುಲಭದ್ದಲ್ಲ. ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನೆಚ್ಚುವಂತಿಲ್ಲ. ಹೊರಗಿನ ಶೀತಕ್ಕೆ ರೆಕ್ಕೆಯೊಳಗಿನ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣತೆಯನ್ನು ಗಮನಿಸುತ್ತಲೇ ಇರಬೇಕು. ಕೆಳಗೆ ಅವಸರಕ್ಕೆ ಇಳಿಯಲು ನಿಲ್ದಾಣಗಳೂ ವಿರಳ.

ಪಯಣ ಸುಮಾರು ಹದಿನೇಳು ಗಂಟೆ ಹಿಡಿಯಿತು. ವಿಮಾನ ಬೆಂಗಳೂರಿಗೆ ಇಳಿದದ್ದು 11ರ ಬೆಳಗಿನ ಜಾವ. ಪ್ರಯಾಣಿಕರ ಪಾಲಿಗೆ ಜನವರಿ 10 ಎಂಬ ದಿನ ನೆಲದ ಮೇಲೆ ಆಗಲೇ ಇಲ್ಲ! ಹೋಗುವಾಗ ಇದರ ವಿಪರೀತ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ಹೊರಟು ಹದಿನಾರು ಗಂಟೆ ಹಾರಿದವನು ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳಿಯುತ್ತಾನೆ. ಪಂಚಾಂಗದ ಪ್ರಕಾರ ಎರಡೂವರೆ ಗಂಟೆಯ ಪಯಣ.

ಲಂಡನ್ನಿನಲ್ಲೋ ಸಿಂಗಪುರದಲ್ಲೋ ವಿಮಾನ ಬದಲಿಸಿ ಬರುವವರಿಗೆ ಇಪ್ಪತ್ತು ಗಂಟೆಗೂ ಮಿಗಿಲು ಬೇಕಾಗುತ್ತದೆ. ಕೊನೆಯ ಮುಖದರ್ಶನಕ್ಕೆಂದು ಹೊರಟವರಿಗೆ ಉಳಿಯುವ ಆ ಮೂರು ನಾಲ್ಕು ಗಂಟೆಗಳ ಬೆಲೆಯನ್ನು ಅಂಗಳದಲ್ಲಿ ಕಾದು ಕುಳಿತ ಬಂಧುಗಳೇ ಬಲ್ಲರು. ಅವರು ಲೆಕ್ಕಕ್ಕೆ ಇನ್ನೊಂದು ಗಂಟೆಯನ್ನು ಸೇರಿಸಿಕೊಂಡೇ ಇರುತ್ತಾರೆ, ದೇವನಹಳ್ಳಿಯಿಂದ ಜಯನಗರಕ್ಕೆ. ಹಗಲಿನಲ್ಲಿ ಇಳಿದರೆ ಎರಡು.