ಮೂರು ಮುಳ್ಳುಗಳಿಗೊಂದು ಠಾವು

ಲಕ್ಷ್ಮೇಶ್ವರದ ನೆರೆಯ ಅಡರಕಟ್ಟಿಯಲ್ಲಿ, ಒಂದು ಮನೆಯ ಪಡಸಾಲೆಯ ಹೊರಸಿನ ಮೇಲೆ, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ ಮೂರು ದುಂಡು ಮೀಟರುಗಳು ಹದಿನೈದು ದಿನ ಹಾಗೆಯೇ ಬಿದ್ದಿದ್ದವು. ಒಂದೊಂದರ ಅಡ್ಡಳತೆ 52 ಮಿಲಿಮೀಟರು, ಎಂದರೆ ಎರಡಂಗುಲಕ್ಕಿಂತ ತುಸು ಹೆಚ್ಚು. ಒಂದು ಎಂಜಿನ್ನಿನ ಆಯಿಲಿನ ಒತ್ತಡವನ್ನು ಹೇಳುವುದು, ಇನ್ನೊಂದು ರೇಡಿಯೇಟರಿನ ನೀರಿನ ಕಾವನ್ನು, ಮೂರನೆಯದು ಬ್ಯಾಟರಿಯ ವೋಲ್ಟನ್ನು. ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ದುಡಿಯುವ ಮಗನು ತನ್ನ ಸಂಬಳದಲ್ಲಿ ಅವನ್ನು ಕೊಂಡು ತಂದಿದ್ದನು. ತರುವುದೇನೋ ಸುಲಭವಾಯಿತು, ಕಾರಿನಲ್ಲಿ ಅವಕ್ಕೆ ಠಾವು ಗೊತ್ತುಮಾಡುವುದೇ ಕಷ್ಟವಾಗಿ ಕುಳಿತಿತು.

ಮನೆಯ ಗಡಿಯಾರಕ್ಕೆಂದು ಗೋಡೆಗೆ ಒಂದು ಮೊಳೆ ಹೊಡೆಯುವಾಗಲೂ ನಾಲ್ವರು ನಾಲ್ಕು ಮಾತು ಆಡುವುದುಂಟು. ಆದರೆ ಗೋಡೆಯ ತೂತನ್ನು ಸುಣ್ಣ ಮುಚ್ಚೀತು. ಕಾರಿನ ಡ್ಯಾಶ್‌ಬೋರ್ಡಿಗೆ ಎರಡಂಗುಲದ ತೂತು ಕೊರೆದ ಮೇಲೆ ಅದನ್ನು ಮುಚ್ಚುವ ಸುಣ್ಣ ಯಾವ ಅಂಗಡಿಯಲ್ಲಿಯೂ ದೊರೆಯದು.

ಕಾರು ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆ 1961ರಿಂದ ತಯಾರಿಸತೊಡಗಿದ ಈ ಪುಟ್ಟ ಕಾರು ಮೂಲತಃ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅದರ ಚೆಲುವನ್ನು ರೂಪಿಸಿದವನು ಇಟಲಿಯ ಮಿಕೆಲೊಟ್ಟಿ. ಮೋಹದ ಮಾತು ಬೇರೆಯೇ ಇದೆ: 1962ರಲ್ಲಿ ಇದೇ ಹೆರಾಲ್ಡಿನ ಚಾಸಿಯನ್ನು ಮೊಟಕುಮಾಡಿ, ಅದೇ ಮಿಕೆಲೊಟ್ಟಿಯ ಕೈಯಿಂದ ಮೈ ತೊಡಿಸಿ, ಸ್ಪಿಟ್‌ಫೈರ್ ಎಂಬ ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಬೋನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದು ಎರಡಕ್ಕೂ ಒಂದೇ ಬಗೆ. ಹೀಗಾಗಿ ಹೆರಾಲ್ಡಿನ ಒಡೆಯನು ತನ್ನದು ಬರಿಯ ಸಂಸಾರದ ಕಾರಲ್ಲ, ಓಟದ ಕುದುರೆಯ ದಾಯಾದಿ ಎಂದು ಮನಸ್ಸಿನಲ್ಲಿಯೇ ಮೀಸೆ ತಿರುವಿದರೆ ತಪ್ಪೆನ್ನಲಾಗದು. ಮದ್ರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಹೆರಾಲ್ಡುಗಳೂ ಓಡಿದ್ದುಂಟು.

ಅಡರಕಟ್ಟಿಯ ಹೆರಾಲ್ಡಿನ ಒಡೆಯರು ಮೀಸೆ ತಿರುವಿದವರೇ. ಪ್ರಾಯದಲ್ಲಿ ಅವರು ಲಾರಿಯ ಚಾಲಕರು. ಎರೆಯ ಸೀಮೆಯ ಹತ್ತಿಯನ್ನು ಗದಗಿನ ಪೇಟೆಗೆ, ಹುಬ್ಬಳ್ಳಿಗೆ, ಒಮ್ಮೊಮ್ಮೆ ದಾವಣಗೆರೆಯ ಗಿರಣಿಗಳವರೆಗೆ ಹೊತ್ತು ತಿರುಗಿದವರು. ಅವರ ಲಾರಿಯಲ್ಲಿ ಮೀಟರುಗಳಿದ್ದವು, ಆದರೆ ಒಂದಾದರೂ ನಡೆಯುತ್ತಿರಲಿಲ್ಲ. ಅವರಿಗೆ ಅದರ ಕೊರತೆಯೂ ತೋರಿರಲಿಲ್ಲ. ಎಂಜಿನ್ನಿನ ದನಿಯಲ್ಲಿಯೇ ಅವರಿಗೆ ಎಲ್ಲವೂ ತಿಳಿಯುತ್ತಿತ್ತು. ಬೆಲ್ಟು ಸಡಿಲಾದರೆ ಒಂದು ಕುಂಯ್‌ಗುಟ್ಟುವಿಕೆ, ಆಯಿಲು ಕಡಿಮೆಯಾದರೆ ಟಪ್ಪೆಟ್ಟುಗಳ ಚಟಪಟ, ಬೇರಿಂಗು ಸವೆದರೆ ಹೊಟ್ಟೆಯೊಳಗಿನ ಗುದ್ದು. ಎತ್ತಿನ ಉಸಿರು ಕೇಳಿ ಅದರ ದಣಿವನ್ನು ಅಳೆಯುವ ಒಕ್ಕಲಿಗನ ಮನೆಯಲ್ಲಿ ಹುಟ್ಟಿದವರಿಗೆ ಇದು ಸಹಜವಾಗಿಯೇ ಬಂದಿರಬೇಕು.

ಎಪ್ಪತ್ತು ದಾಟಿದ ತರುವಾಯ ಆ ಕಿವಿ ಮಂದವಾಗತೊಡಗಿತು. ಕಿವಿ ಮಂದವಾದವನಿಗೆ ಅದು ಕಡೆಗೆ ತಿಳಿಯುವುದೆಂಬುದು ಲೋಕದ ಅನುಭವ. ಜನರೆಲ್ಲ ಮೆಲ್ಲಗೆ ಮಾತನಾಡುವುದನ್ನು ಕಲಿತಿದ್ದಾರೆಂದು ಅವನು ಭಾವಿಸುತ್ತಾನೆ. ಹಿರಿಯರೂ ಹಾಗೆಯೇ ಭಾವಿಸಿದರು. ಕಳೆದ ಬೇಸಗೆಯಲ್ಲಿ ಗದಗಿನಿಂದ ಮರಳುವಾಗ ನಡುಹಗಲಲ್ಲಿ ಫ್ಯಾನ್ ಬೆಲ್ಟು ಹರಿಯಿತು. ಹರಿಯುವುದಕ್ಕೆ ಮೊದಲು ಅದು ಬಹಳ ಹೊತ್ತು ಕಿರುಚಿರಬೇಕು. ಹೆರಾಲ್ಡಿನಲ್ಲಿ ಅದೇ ಬೆಲ್ಟು ಡೈನಮೋವನ್ನೂ ನೀರಿನ ಪಂಪನ್ನೂ ತಿರುಗಿಸುವುದರಿಂದ, ಚಾರ್ಜಿನ ಕೆಂಪು ದೀಪವೂ ಹತ್ತಿಕೊಂಡಿತ್ತು. ಆದರೆ ಏಪ್ರಿಲಿನ ಬಿಸಿಲು ಗಾಜಿನ ಮೇಲೆ ಬಿದ್ದಾಗ ಕಡಲೆಗಾತ್ರದ ಕೆಂಪು ದೀಪ ಯಾರ ಕಣ್ಣಿಗೆ ಬೀಳಬೇಕು? ಬೋನೆಟ್ಟಿನ ಅಂಚಿನಿಂದ ಉಗಿ ಎದ್ದ ಮೇಲೆಯೇ ಕಾರು ನಿಂತಿತು. ಹೆಡ್ ಗ್ಯಾಸ್ಕೆಟ್ಟು ಸುಟ್ಟು, ಹೆಡ್ಡು ಸೊಟ್ಟಗಾಗಿ, ಎರಡು ತಿಂಗಳು ಕಾರು ತಗಡಿನ ಚಪ್ಪರದ ಕೆಳಗೆ ಮಲಗಿತು.

ಬಂಧುಗಳ ಬಾಯಿಗೆ ಕೆಲಸ ಸಿಕ್ಕಿತು. ಹುಬ್ಬಳ್ಳಿಯಲ್ಲಿರುವ ಹಿರಿಯ ಅಳಿಯನು, “ಮಾವಾರ ಕೈಯಾಗಿಂದ ಕೀಲಿ ತಗೊಂಡು ಬಿಡ್ರಿ” ಎಂದು ನೇರವಾಗಿಯೇ ಹೇಳಿದನು. ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ನಲವತ್ತು ವರ್ಷ ಸ್ಟಿಯರಿಂಗ್ ಹಿಡಿದ ಕೈಯಿಂದ ಕೀಲಿಯನ್ನು ಕಸಿದರೆ ಆ ಕೈ ಬೇರೆ ಏನನ್ನು ಹಿಡಿದೀತು ಎಂಬುದನ್ನು ಅಳಿಯನು ಯೋಚಿಸಿರಲಿಲ್ಲ. ಮಗನು ಯೋಚಿಸಿದ್ದನು. ಕಿವಿ ಬಿಟ್ಟ ಕೆಲಸವನ್ನು ಕಣ್ಣಿಗೆ ಒಪ್ಪಿಸಬೇಕು. ಒಪ್ಪಿಸಿದ್ದು ತಂದೆಗೆ ತಿಳಿಯಬಾರದು. ಮೂರು ಮೀಟರುಗಳು ಬಂದದ್ದು ಹೀಗೆ.

ಹೆರಾಲ್ಡಿನ ಎದುರು ಹಲಗೆಯಲ್ಲಿ ಮೊದಲಿನಿಂದ ಇದ್ದದ್ದು ಒಂದೇ ದೊಡ್ಡ ಮೀಟರು. ಅದು ವೇಗವನ್ನು ತೋರಿಸುತ್ತದೆ, ಅದರ ಹೊಟ್ಟೆಯಲ್ಲಿಯೇ ಪೆಟ್ರೋಲಿನ ಪುಟ್ಟ ಮುಳ್ಳೂ ಇದೆ. ಉಳಿದದ್ದೆಲ್ಲ ಬಯಲು. ಬಯಲು ಇದ್ದಷ್ಟೂ ಆಯ್ಕೆಯ ತೊಡಕು ಹೆಚ್ಚು. ಮಗನು ಮೊದಲು ಹೊರಟದ್ದು ಗ್ಯಾರೇಜಿನ ರೂಢಿಯಂತೆ. ತಗಡಿನ ಪಟ್ಟಿಯೊಂದಕ್ಕೆ ಮೂರನ್ನೂ ಕೂಡಿಸಿ ಹಲಗೆಯ ಕೆಳಗೆ, ಮೊಣಕಾಲಿನ ಬಳಿ ತೂಗುಬಿಡುವುದು. ಇದಕ್ಕೆ ತೂತು ಬೇಕಿಲ್ಲ, ಬೇಡವಾದ ದಿನ ಬಿಚ್ಚಿ ಇಡಬಹುದು. ಆದರೆ ಅದನ್ನು ನೋಡಲು ಕಣ್ಣು ರಸ್ತೆಯನ್ನು ಬಿಟ್ಟು ಒಂದು ಮೊಳ ಕೆಳಗಿಳಿಯಬೇಕು. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಹದಿನಾಲ್ಕು ಮೀಟರು ಓಡುತ್ತದೆ; ಲಕ್ಷ್ಮೇಶ್ವರದ ರಸ್ತೆಯಲ್ಲಿ ಹದಿನಾಲ್ಕು ಮೀಟರಿನೊಳಗೆ ಎರಡು ಎಮ್ಮೆ, ಒಂದು ಸೈಕಲ್ಲು, ಹತ್ತಿಯ ಒಂದು ಚಕ್ಕಡಿ ಕಾಣಿಸಿಕೊಳ್ಳಬಲ್ಲವು. ಅಪಘಾತವಾದರೆ ಮೊಣಕಾಲು ಮೊದಲು ತಾಗುವುದೂ ಆ ತಗಡಿಗೇ.

ಹಲಗೆಯ ನೆತ್ತಿಯ ಮೇಲೆ, ಗಾಜಿನ ಬುಡದಲ್ಲಿ ಇಟ್ಟರೆ? ಕಣ್ಣು ಕೆಳಗಿಳಿಯಬೇಕಾದ ಕಷ್ಟ ತಪ್ಪಿತು. ಆದರೆ ರಾತ್ರಿ ಮೀಟರಿನೊಳಗಿನ ದೀಪ ಎದುರುಗಾಜಿನಲ್ಲಿ ಪ್ರತಿಬಿಂಬಿಸಿ, ರಸ್ತೆಯ ನಡುವೆ ಮೂರು ಚಂದ್ರರು ತೇಲುತ್ತಾರೆ. ಹಗಲು ಬಿಸಿಲಿಗೆ ಕಾದು ಮೀಟರುಗಳ ಆಯುಷ್ಯವೂ ಕಡಿಮೆಯಾಗುತ್ತದೆ. ಸ್ಟಿಯರಿಂಗಿನ ಎದುರಿಗೇ ಇಡೋಣವೆಂದರೆ ಚಕ್ರದ ಅಂಚು ಸರಿಯಾಗಿ ಮುಳ್ಳಿನ ಮೇಲೆಯೇ ಅಡ್ಡ ಬರುತ್ತದೆ. ಎಲ್ಲ ಕಾರುಗಳಲ್ಲಿಯೂ ಈ ಅಂಚಿಗೆ ಅದೊಂದು ಹಟವಿರುವಂತಿದೆ.

ಸ್ಪಿಟ್‌ಫೈರನ್ನು ಮಾಡಿದವರಿಗೂ ಈ ತೊಡಕು ಎದುರಾಗಿತ್ತು. ಅವರು ಮೊದಲಲ್ಲಿ ಮೀಟರುಗಳನ್ನೆಲ್ಲ ಹಲಗೆಯ ನಟ್ಟನಡುವೆ ಕೂಡಿಸಿದರು. ಚಾಲಕನ ಹಿತಕ್ಕಾಗಿ ಅಲ್ಲ; ಇಂಗ್ಲೆಂಡಿನಲ್ಲಿ ಬಲಬದಿಗೆ, ಅಮೆರಿಕೆಯಲ್ಲಿ ಎಡಬದಿಗೆ ಸ್ಟಿಯರಿಂಗ್ ಇರುವ ಕಾರುಗಳಿಗೆ ಒಂದೇ ಹಲಗೆ ಸಾಕಾಗಲೆಂದು. 1970ರಲ್ಲಿ ಬಂದ ನಾಲ್ಕನೆಯ ಮಾದರಿಯಲ್ಲಿ ಮಾತ್ರ ಅವು ಚಾಲಕನ ಎದುರಿಗೆ ಸರಿದವು. ಕಾರ್ಖಾನೆಯ ಲೆಕ್ಕದಲ್ಲಿ ಚಾಲಕನ ಕಣ್ಣಿಗೆ ಬೆಲೆ ಬರಲು ಎಂಟು ವರ್ಷ ಹಿಡಿಯಿತೆನ್ನಬಹುದು. ಅಡರಕಟ್ಟಿಯಲ್ಲಿ ಹದಿನೈದು ದಿನ ಹಿಡಿದದ್ದು ಹೆಚ್ಚೇನಲ್ಲ.

ಮಗನು ಒಂದು ಉಪಾಯ ಮಾಡಿದನು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಮೀಟರಿನ ಅಳತೆಗೆ ಸರಿಯಾಗಿ ಬಿಲ್ಲೆಗಳನ್ನು ಕತ್ತರಿಸಿ, ಒಂದೊಂದರ ಮೇಲೆ ಶಾಯಿಯಿಂದ ಮುಳ್ಳನ್ನು ಬರೆದು, ಗೋಧಿಹಿಟ್ಟಿನ ಅಂಟಿನಿಂದ ಹಲಗೆಯ ಮೇಲೆ ಅಲ್ಲಲ್ಲಿ ಅಂಟಿಸಿದನು. “ಇದೇನೋ ತಮ್ಮಾ, ಕಾರಿಗೆ ವಿಭೂತಿ ಹಚ್ಚೀಯೇನು?” ಎಂದು ಹಿರಿಯರು ಕೇಳಿದರು. “ಚಂದ ಕಾಣತೈತೇನು ಅಂತ ನೋಡಾಕತ್ತೀನಿ ಯಪ್ಪಾ, ಸ್ಪೋರ್ಟ್ಸ್ ಕಾರಿನಂಗ” ಎಂದನು ಮಗ. ಸುಳ್ಳು ಪೂರ್ತಿ ಸುಳ್ಳಾಗಿರಲಿಲ್ಲ. ಹಿರಿಯರು ಮೀಸೆಯ ಮೇಲೆ ಕೈಯಾಡಿಸಿ ಸುಮ್ಮನಾದರು.

ಆ ಭಾನುವಾರ ಮೂವರೂ ಲಕ್ಷ್ಮೇಶ್ವರಕ್ಕೆ ಹೋಗಿಬಂದರು. ತಂದೆ ಸ್ಟಿಯರಿಂಗಿನಲ್ಲಿ, ತಾಯಿ ಎಡಗಡೆಯ ಸೀಟಿನಲ್ಲಿ, ಮಗನು ಹಿಂದೆ. ಹಿಂದೆ ಕುಳಿತವನಿಗೆ ಒಂದು ಅನುಕೂಲವುಂಟು: ನಡುವಿನ ಕನ್ನಡಿಯಲ್ಲಿ ಚಾಲಕನ ಕಣ್ಣುಗಳು ಕಾಣುತ್ತವೆ. ಮಗನು ದಾರಿಯುದ್ದಕ್ಕೂ ಆ ಕಣ್ಣುಗಳನ್ನೇ ಓದಿದನು. ಅವು ಕೆಳಗೆ ಎಂದೂ ಇಳಿಯಲಿಲ್ಲ. ಬಲಗಡೆ ಸರಿದದ್ದು ಕಡಿಮೆ. ರಸ್ತೆಯಿಂದ ಬಿಡುವು ದೊರೆತಾಗಲೆಲ್ಲ ಅವು ಎಡಕ್ಕೆ ಸರಿಯುತ್ತಿದ್ದವು. ತಾಯಿಯ ಸೆರಗು ಗಾಳಿಗೆ ಹಾರಿತೇ, ಅವಳು ಬಾಗಿಲ ಹಿಡಿಕೆಯನ್ನು ಹಿಡಿದಿದ್ದಾಳೆಯೇ, ಅವಳ ತುಟಿ ಆಡುತ್ತಿದೆಯೇ ಎಂದು ನೋಡುತ್ತಿದ್ದವು. ಕಿವಿ ಕೇಳದವರು ತುಟಿಯನ್ನು ನೋಡುತ್ತಾರೆ. ಹಿರಿಯರು ತಮಗೇ ತಿಳಿಯದಂತೆ ಹೆಂಡತಿಯ ಮಾತನ್ನು ಕಣ್ಣಿನಿಂದ ಕೇಳುವುದನ್ನು ಎಂದೋ ಕಲಿತಿದ್ದರು.

ಠಾವು ಗೊತ್ತಾಯಿತು. ಹಲಗೆಯ ನಡುವೆ, ಸ್ಟಿಯರಿಂಗಿನ ಎಡಕ್ಕೆ, ಆ ನೋಟದ ದಾರಿಯಲ್ಲಿ. ಅದರಲ್ಲಿ ಇನ್ನೊಂದು ಲಾಭವೂ ಇತ್ತು. ವಯಸ್ಸಾದ ಕಣ್ಣಿಗೆ ಹತ್ತಿರದ್ದು ಮಸುಕು, ತುಸು ದೂರದ್ದು ಸ್ಪಷ್ಟ. ಮೂಗಿನ ಮುಂದಿನ ಮೀಟರಿಗಿಂತ ತೋಳಿನಳತೆಯ ಮೀಟರು ಮುದುಕರಿಗೆ ಒಳ್ಳೆಯದು. ಓರೆಯಿಂದ ನೋಡಿದರೆ ಮುಳ್ಳು ಅಂಕೆಯ ಆಚೆ ಈಚೆ ಸರಿದಂತೆ ತೋರುವ ದೋಷವಿದೆಯೆಂಬುದು ದಿಟ. ಅದಕ್ಕೆ ಮಗನು ಪಂದ್ಯದ ಕಾರುಗಳ ಒಂದು ಹಳೆಯ ಜಾಣ್ಮೆಯನ್ನು ನೆನೆದನು. ಎಂಜಿನ್ನು ಆರೋಗ್ಯವಾಗಿರುವಾಗ ಎಲ್ಲ ಮುಳ್ಳುಗಳೂ ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಮೀಟರನ್ನೇ ತಿರುಗಿಸಿ ಕೂಡಿಸುವುದು. ಆಗ ಅಂಕೆಗಳು ತಲೆಕೆಳಗಾದರೂ ಚಿಂತೆಯಿಲ್ಲ, ಅವನ್ನು ಓದುವ ಅಗತ್ಯವೇ ಇಲ್ಲ. ಪ್ರಾರ್ಥನೆಗೆ ನಿಂತ ಶಾಲೆಯ ಸಾಲಿನಲ್ಲಿ ಒಬ್ಬ ಹುಡುಗ ವಾಲಿದರೆ ಮಾಸ್ತರರ ಕಣ್ಣಿಗೆ ಬೀಳುವಂತೆ, ವಾಲಿದ ಮುಳ್ಳು ತಾನಾಗಿಯೇ ಎದ್ದು ಕಾಣುತ್ತದೆ.

ಮೀಟರುಗಳ ಒಳಗುಟ್ಟಿನಲ್ಲಿಯೂ ಆರಿಸುವುದಿತ್ತು. ಆಯಿಲಿನ ಮೀಟರು ಎರಡು ಬಗೆ. ಹಳೆಯ ಬಗೆಯದರಲ್ಲಿ ಎಂಜಿನ್ನಿನಿಂದ ಸಣ್ಣ ಕೊಳವೆಯ ಮೂಲಕ ಆಯಿಲೇ ಮೀಟರಿನವರೆಗೆ ಬರುತ್ತದೆ. ಅದರೊಳಗೆ ಫ್ರಾನ್ಸಿನ ಬೂರ್ದೋಂ ಎಂಬಾತನು 1849ರಲ್ಲಿ ಕಂಡುಹಿಡಿದ ಬಾಗಿದ ಚಪ್ಪಟೆ ನಳಿಕೆಯೊಂದಿದೆ. ಜಾತ್ರೆಯಲ್ಲಿ ಹುಡುಗರು ಊದಿದರೆ ಸುರುಳಿ ಬಿಚ್ಚಿ ಚಾಚಿಕೊಳ್ಳುವ ಕಾಗದದ ಪೀಪಿಯಂತೆ, ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲು ಹವಣಿಸಿ ಮುಳ್ಳನ್ನು ತಿರುಗಿಸುತ್ತದೆ. ನಂಬಿಕೆಯ ಯಂತ್ರವೇ. ಆದರೆ ಕೊಳವೆ ಒಡೆದರೆ ಕುದಿಯುವ ಆಯಿಲು ಕುಳಿತವರ ಕಾಲಿನ ಮೇಲೆ ಬೀಳುತ್ತದೆ. ತಾಯಿಯ ಕಾಲು ಅಲ್ಲಿಯೇ ಇರುವುದರಿಂದ ಮಗನು ಬರಿಯ ತಂತಿ ಬರುವ ವಿದ್ಯುತ್ತಿನ ಬಗೆಯನ್ನು ಆರಿಸಿದ್ದನು. ಆಂಪಿಯರ್ ಮೀಟರನ್ನು ಬಿಟ್ಟು ವೋಲ್ಟ್ ಮೀಟರನ್ನು ತಂದದ್ದೂ ಅಂತಹ ಅಂಜಿಕೆಯಿಂದಲೇ. ಆಂಪಿಯರ್ ಮೀಟರಿಗೆ ಚಾರ್ಜಿನ ಕರೆಂಟೆಲ್ಲವೂ ದಪ್ಪ ತಂತಿಯಲ್ಲಿ ಹಲಗೆಯವರೆಗೆ ಬಂದು ಹೋಗಬೇಕು, ಒಂದು ನಟ್ಟು ಸಡಿಲಾದರೆ ಬೆಂಕಿ.

ಹಲಗೆ ಕೊರೆಯುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಹಿರಿಯರು ರೊಟ್ಟಿ ಮುರಿಯುತ್ತ ಇದ್ದಕ್ಕಿದ್ದಂತೆ ಕೇಳಿದರು: “ನೀರೆಲ್ಲಾ ಹೋಗಿಬಿಟ್ಟರ ನಿನ್ನ ಕಾಟಾ ಏನು ಹೇಳತೈತಿ?”

ಮಗನ ತುತ್ತು ಅಲ್ಲಿಯೇ ನಿಂತಿತು. ಗ್ಯಾರೇಜಿನಲ್ಲಿ ಹತ್ತು ವರ್ಷ ಕಳೆದವರೂ ಕೇಳದ ಪ್ರಶ್ನೆ ಅದು. ಕಾವಿನ ಮೀಟರಿನ ಬುಡ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸತ್ಯವನ್ನು ಹೇಳುತ್ತದೆ. ನೀರೆಲ್ಲ ಸೋರಿಹೋಗಿ ಅದು ಬರಿಯ ಆವಿಯಲ್ಲಿ ನಿಂತರೆ, ಎಂಜಿನ್ನು ಕೆಂಡವಾಗಿದ್ದರೂ ಮುಳ್ಳು ಕೆಳಗಿಳಿದು ತಂಪಾಗಿದೆಯೆಂದು ಸುಳ್ಳಾಡುವುದುಂಟು.

“ಸುಳ್ಳು ಹೇಳತೈತಿ ಯಪ್ಪಾ.”

“ಹಂಗಾರ ಕಾಟಾ ಇಳಿದರೂ ನಿಲ್ಲಬೇಕು, ಏರಿದರೂ ನಿಲ್ಲಬೇಕು,” ಎಂದು ಹಿರಿಯರು ನುಚ್ಚಿಗೆ ಮಜ್ಜಿಗೆ ಹಾಕಿಸಿಕೊಂಡರು. ಮತ್ತೊಂದು ಮಾತು ಆಡಲಿಲ್ಲ.

ಬೆಳಗ್ಗೆ ಕೊರೆಯುವ ಗರಗಸದೊಡನೆ ಮಗನು ಕಾರಿನ ಬಾಗಿಲನ್ನು ತೆರೆದಾಗ, ಮೂರು ಬಿಲ್ಲೆಗಳೂ ಅವನು ಅಂಟಿಸಿದ ಕಡೆ ಇರಲಿಲ್ಲ. ಎರಡು ಬೆರಳಿನಷ್ಟು ಎಡಕ್ಕೆ ಸರಿದಿದ್ದವು. ಸುತ್ತಲೂ ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದಿತ್ತು. ಮುದಿಗೈಯ ಗೆರೆ, ತುಸು ನಡುಗಿತ್ತು. ಅಂಟು ಇನ್ನೂ ಹಸಿಯಾಗಿತ್ತು. ಚಪ್ಪರದ ಆಚೆ ಹಿರಿಯರು ಎಮ್ಮೆಗೆ ಕಣಿಕೆ ಹಾಕುತ್ತ ಇತ್ತ ಬೆನ್ನು ಮಾಡಿ ನಿಂತಿದ್ದರು. ಮಗನು ಏನನ್ನೂ ಕೇಳದೆ ಪೆನ್ಸಿಲಿನ ಗೆರೆಯ ಮೇಲೆಯೇ ಗರಗಸವನ್ನು ಆಡಿಸಿದನು.

ಮುಂದಿನ ಸೋಮವಾರ ದಂಪತಿಗಳು ಸೋಮೇಶ್ವರನ ದರ್ಶನಕ್ಕೆಂದು ಲಕ್ಷ್ಮೇಶ್ವರಕ್ಕೆ ಹೊರಟರು. ಊರು ದಾಟಿ ತುಸು ದೂರ ಹೋಗುವುದರೊಳಗೆ ಮೂರರಲ್ಲಿ ಎಡಗಡೆಯ ಮುಳ್ಳು, ವೋಲ್ಟಿನದು, ಓಲಾಡಿ ಪಕ್ಕಕ್ಕೆ ವಾಲಿತು. ಉಳಿದೆರಡು ನೆಟ್ಟಗಿದ್ದವು. ಹೊಸ ಬೆಲ್ಟು ಹಿಗ್ಗಿ ಜಾರತೊಡಗಿದ್ದಿರಬೇಕು. ನೀರು ಕಾಯುವುದಕ್ಕೆ ಮುಂಚೆ ಅದು ಮೊದಲು ತಿಳಿಯುವುದು ಆ ಮುಳ್ಳಿನಲ್ಲಿಯೇ. ತಾಯಿ ಅದನ್ನು ಕಂಡು, “ಇದು ಮಕ್ಕೊಂಡತಿ ನೋಡ್ರಿ” ಎಂದಳು. ಅವಳ ತುಟಿಯ ಕಡೆ ತಿರುಗಿದ ಕಣ್ಣಿಗೆ ನಡುದಾರಿಯಲ್ಲಿಯೇ ಮುಳ್ಳೂ ಸಿಕ್ಕಿತು. ಹಿರಿಯರು ಬೇವಿನ ಮರದ ನೆರಳಿಗೆ ಕಾರನ್ನು ಹಚ್ಚಿ, ಬೋನೆಟ್ಟನ್ನು ಮುಂದಕ್ಕೆ ಬಾಗಿಸಿ, ಡೈನಮೋದ ಬೋಲ್ಟನ್ನು ಸಡಿಲಿಸಿ, ಜ್ಯಾಕಿನ ಸರಳಿನಿಂದ ಮೀಟಿ ಬೆಲ್ಟನ್ನು ಬಿಗಿದರು. ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕೈಯ ಮಸಿಯನ್ನು ಬೇವಿನ ಸೊಪ್ಪಿನಿಂದ ಒರೆಸಿಕೊಂಡರು.

ಅಂದು ಗುಡಿಗೆ ತಲುಪುವುದು ಅರ್ಧ ತಾಸು ತಡವಾಯಿತು. ತಾಯಿ ದಾರಿಯುದ್ದಕ್ಕೂ ಅದನ್ನೇ ಎತ್ತಿ ಆಡಿದಳು. ಹಿರಿಯರು ಆಗಾಗ ಎಡಕ್ಕೆ ತಿರುಗಿ ಅದನ್ನೆಲ್ಲ ಕೇಳಿಸಿಕೊಂಡರು.