ಕರೆಂಟ್ ಬಂದ ಮೇಲೆ ತಾನೇ ಏಳಬೇಕು

ತೋಟದ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿದವರಿಗೆ ಈ ಬರಹ ಬೇಗ ಅರ್ಥವಾಗುತ್ತದೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೂ ಮೋಟರ್ ತಾನೇ ಓಡುತ್ತದೆ. ಆಟೋ ಇಲ್ಲದವರು ಟಾರ್ಚ್ ಹಿಡಿದು ಹೋಗಿ ಹಸಿರು ಬಟನ್ ಒತ್ತಬೇಕು. ಎರಡು ಕಡೆಯೂ ಮೋಟರ್ ಒಂದೇ, ನೀರೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಕರೆಂಟ್ ಹೋಗಿ ಬಂದಾಗ ಮಾತ್ರ. ಕಂಪ್ಯೂಟರ್ ಕಥೆಯೂ ಹೀಗೇ.

ನಾವು ಐದು ಜನ ವರದಿಗಾರರು ತಾಲ್ಲೂಕು ಕೇಂದ್ರದ ಒಂದು ಬಾಡಿಗೆ ಕೋಣೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಇಟ್ಟಿದ್ದೇವೆ. ಅದರಲ್ಲಿರುವುದು ಫೆಡೋರಾ ಲಿನಕ್ಸ್. ಊರೂರಲ್ಲಿ ತೆಗೆದ ಫೋಟೊಗಳೆಲ್ಲ ಅದಕ್ಕೆ ಜೋಡಿಸಿದ ಡಿಸ್ಕಿನಲ್ಲಿವೆ. ಅವನ್ನು ನಮ್ಮ ಲ್ಯಾಪ್‌ಟಾಪ್‌ಗಳಿಗೆ ತೋರಿಸುವ ಕೆಲಸ ಸಾಂಬಾ ಎಂಬ ಸಾಫ್ಟ್‌ವೇರಿನದು. ಹೀಗೆ ಪರದೆಯ ಹಿಂದೆ ಸದಾ ಓಡುತ್ತಿರುವ ಕೆಲಸಕ್ಕೆ ಸರ್ವಿಸ್ ಎನ್ನುತ್ತಾರೆ. ಅಂಗಡಿಯ ಹುಡುಗನೊಬ್ಬ ಎಲ್ಲ ಜೋಡಿಸಿಕೊಟ್ಟಿದ್ದ. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು.

ಕಳೆದ ಮಳೆಗಾಲದ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು, ಬೆಳಗಿನ ಜಾವ ಬಂತು. ಹತ್ತು ಗಂಟೆಗೆ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಬಂದರು. ಅವರ ಮನೆಯ ಗೋಡೆ ಬಿದ್ದ ದಿನ ನಾವು ಫೋಟೊ ತೆಗೆದಿದ್ದೆವು. ಪರಿಹಾರದ ಅರ್ಜಿಗೆ ಅದು ಬೇಕಿತ್ತು. "ಇವತ್ತೇ ಕಡೇ ದಿನ ಕಣ್ರಪ್ಪಾ" ಎಂದರು. ಬಿದ್ದ ಮಣ್ಣನ್ನು ಆಗಲೇ ಎತ್ತಿಹಾಕಿ ತಗಡು ಹೊದಿಸಿದ್ದರು. ಮತ್ತೆ ಫೋಟೊ ತೆಗೆಯೋಣವೆಂದರೆ ಬಿದ್ದ ಗೋಡೆಯೇ ಇರಲಿಲ್ಲ.

ಕಂಪ್ಯೂಟರಿನ ದೀಪ ಉರಿಯುತ್ತಿತ್ತು. ಫೋಟೊಗಳ ಫೋಲ್ಡರ್ ಮಾತ್ರ ತೆರೆಯಲಿಲ್ಲ. ಅಂಗಡಿಯ ಹುಡುಗ ಫೋನಿಗೆ ಸಿಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವನು ಹೇಳಿದ ಒಂದು ಸಾಲು ಟೈಪ್ ಮಾಡಿದ್ದೇ ಫೋಲ್ಡರ್ ತೆರೆಯಿತು. ಪ್ರಿಂಟ್ ಹಾಕಿಸಿ ಅರ್ಜಿ ಕೊಟ್ಟಾಗ ಮೂರು ಗಂಟೆ. ಒಂದು ಸಾಲಿನ ಕೆಲಸಕ್ಕೆ ಅಜ್ಜಿ ಐದು ಗಂಟೆ ಕಾದಿದ್ದರು.

ಯಾಕೆ ಹೀಗಾಯಿತು ಎಂದು ಆಮೇಲೆ ಕೂತು ತಿಳಿದುಕೊಂಡೆವು. ಲಿನಕ್ಸಿನಲ್ಲಿ 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್' ಎಂದರೆ ಸರ್ವಿಸ್ ಈಗ ಶುರುವಾಗುತ್ತದೆ, ಅಷ್ಟೇ. ಅದು ಹಸಿರು ಬಟನ್. 'ಸಿಸ್ಟಮ್‌ಸಿಟಿಎಲ್ ಎನೇಬಲ್' ಎಂದರೆ ಪ್ರತಿ ಸಲ ಕಂಪ್ಯೂಟರ್ ಎದ್ದಾಗ ಇದನ್ನೂ ಎಬ್ಬಿಸು ಎಂದು ಬರೆದಿಟ್ಟಂತೆ. ಅದು ಆಟೋ ಸ್ಟಾರ್ಟರ್. ಡೆಬಿಯನ್ ಎಂಬ ಲಿನಕ್ಸಿನಲ್ಲಿ ಸಾಂಬಾ ಹಾಕಿದರೆ ಎರಡೂ ತಾವಾಗಿಯೇ ಆಗುತ್ತವೆ. ಫೆಡೋರಾದಲ್ಲಿ ನಾವೇ ಹೇಳಬೇಕು. ಹುಡುಗನಿಗೆ ರೂಢಿ ಇದ್ದದ್ದು ಡೆಬಿಯನ್.

ಕಂಪ್ಯೂಟರ್ ಎದ್ದಾಗ ಮೊದಲು ಕರ್ನೆಲ್ ಬರುತ್ತದೆ. ಅದು ಒಂದನೇ ನಂಬರಿನ ಪ್ರೋಗ್ರಾಮನ್ನು ಓಡಿಸುತ್ತದೆ. ಉಳಿದವರನ್ನು ಎಬ್ಬಿಸುವ ಮನೆಯ ಯಜಮಾನ ಅದು. ಹಳೆಯ ಪದ್ಧತಿಯಲ್ಲಿ ಇದರ ಹೆಸರು ಇನಿಟ್. ಎಸ್ 20, ಎಸ್ 80 ಎಂದು ನಂಬರ್ ಹಚ್ಚಿದ ಚೀಟಿಗಳನ್ನು ನೋಡಿ ಒಬ್ಬರಾದ ಮೇಲೆ ಒಬ್ಬರನ್ನು ಎಬ್ಬಿಸುತ್ತಿತ್ತು. 2010ರಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ಎಂಬ ಹೊಸ ಯಜಮಾನನನ್ನು ತಂದರು. ಅದು ಒಬ್ಬರಿಗೊಬ್ಬರು ಕಾಯಬೇಕಿಲ್ಲದವರನ್ನೆಲ್ಲ ಒಟ್ಟಿಗೇ ಎಬ್ಬಿಸುತ್ತದೆ. 2011ರಲ್ಲಿ ಫೆಡೋರಾ, 2015ರಲ್ಲಿ ಡೆಬಿಯನ್ ಮತ್ತು ಉಬುಂಟು ಇದನ್ನೇ ಒಪ್ಪಿಕೊಂಡವು. ದೊಡ್ಡ ಜಗಳವೂ ಆಯಿತು. ಒಪ್ಪದ ಕೆಲವರು ಡೆಬಿಯನ್ ಬಿಟ್ಟು ದೇವುವಾನ್ ಎಂಬ ಬೇರೆ ಮನೆ ಮಾಡಿದರು.

ಒಟ್ಟಿಗೇ ಎಬ್ಬಿಸಿದರೆ ಒಂದು ತೊಂದರೆಯಿದೆ. ಬೋರಿನ ಮೋಟರ್ ಸಂಪು ತುಂಬಿಸುತ್ತದೆ, ಇನ್ನೊಂದು ಮೋಟರ್ ಸಂಪಿನಿಂದ ಟ್ಯಾಂಕಿಗೆ ಏರಿಸುತ್ತದೆ ಎಂದುಕೊಳ್ಳಿ. ಸಂಪಿಗೆ ನೀರು ಬರುವ ಮೊದಲೇ ಎರಡನೆಯದು ಓಡಿದರೆ ಏರುವುದು ಬರೀ ಗಾಳಿ. ನಮ್ಮಲ್ಲೂ ಡಿಸ್ಕ್ ಸಿದ್ಧವಾಗುವ ಮೊದಲೇ ಸಾಂಬಾ ಎದ್ದರೆ ಕಾಣುವುದು ಖಾಲಿ ಫೋಲ್ಡರ್. ಅದಕ್ಕೆ ಮದ್ದು ಇದೆ. 'ಸಿಸ್ಟಮ್‌ಸಿಟಿಎಲ್ ಎಡಿಟ್' ಮೂಲಕ ಆ ಸರ್ವಿಸಿನ ಫೈಲಿಗೆ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂಬ ಸಾಲು ಸೇರಿಸಿ ಡಿಸ್ಕಿನ ಜಾಗ ಬರೆದೆವು. ಈಗ ಡಿಸ್ಕ್ ಬರುವವರೆಗೆ ಸಾಂಬಾ ಕಾಯುತ್ತದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅದೇ ಫೈಲಿನಲ್ಲಿ ಬರುವ 'ಆಫ್ಟರ್' ಎಂಬ ಪದ ಸರದಿಯನ್ನು ಮಾತ್ರ ಹೇಳುತ್ತದೆ, ಇನ್ನೊಬ್ಬರನ್ನು ಎಬ್ಬಿಸುವುದಿಲ್ಲ. ಎಬ್ಬಿಸಲು 'ವಾಂಟ್ಸ್' ಅಥವಾ 'ರಿಕ್ವೈರ್ಸ್' ಬೇಕು.

ಇಷ್ಟಾದರೂ ಕರೆಂಟ್ ಬಂದಾಗ ಡಬ್ಬವೇ ಆನ್ ಆಗದಿದ್ದರೆ ಎಲ್ಲ ವ್ಯರ್ಥ. ಅದರ ಸೆಟ್ಟಿಂಗ್ ಲಿನಕ್ಸಿನಲ್ಲಿಲ್ಲ, ಬಯಾಸ್‌ನಲ್ಲಿದೆ. ಕರೆಂಟ್ ಮರಳಿದಾಗ ಆನ್ ಆಗು ಎಂಬ ಆಯ್ಕೆ ಹಲವು ಕಂಪ್ಯೂಟರ್‌ಗಳಲ್ಲಿ ಸಿಗುತ್ತದೆ.

ಇದು ನಮಗೆ ಸಂಬಂಧಿಸಿದ್ದಲ್ಲ ಅನ್ನಬೇಡಿ. ನಿಮ್ಮ ಕೈಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಲಿನಕ್ಸ್ ಕರ್ನೆಲ್ ಇದೆ, ಇನಿಟ್ ಎಂಬ ಯಜಮಾನನೂ ಇದ್ದಾನೆ. ಸಂಘದ ಆಫೀಸು, ಶಾಲೆ, ಡೇರಿ, ಎಲ್ಲ ಕಡೆಯೂ ನಮ್ಮ ಕಾಗದಪತ್ರಗಳು ಇಂಥ ಡಬ್ಬಗಳೊಳಗೆ ಹೋಗುತ್ತಿವೆ. ಇವತ್ತು ಓಡುತ್ತಿದೆ ಎಂದಮಾತ್ರಕ್ಕೆ ನಾಳೆ ಕರೆಂಟ್ ಹೋಗಿ ಬಂದ ಮೇಲೂ ಓಡುತ್ತದೆ ಎಂದಲ್ಲ.

ಆದ್ದರಿಂದ ಯಾರಾದರೂ ಕಂಪ್ಯೂಟರ್ ಜೋಡಿಸಿಕೊಟ್ಟು "ಆಯ್ತು ಸಾರ್" ಎಂದರೆ ಕೂಡಲೇ ದುಡ್ಡು ಕೊಟ್ಟು ಕಳಿಸಬೇಡಿ. "ಒಂದ್ಸಲ ರೀಸ್ಟಾರ್ಟ್ ಮಾಡಿ ತೋರಿಸಪ್ಪ" ಎನ್ನಿ. ಲಿನಕ್ಸ್ ಆದರೆ 'ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್' ಎಂದು ಸರ್ವಿಸಿನ ಹೆಸರು ಕೊಟ್ಟು ಕೇಳಲಿ. 'ಎನೇಬಲ್ಡ್' ಎಂದು ಉತ್ತರ ಬರಬೇಕು. ಯಾರೂ ಕೀಬೋರ್ಡ್ ಮುಟ್ಟದೆ ಎಲ್ಲವೂ ಎದ್ದು ನಿಂತರೆ ಆಗ ಚಹಾ ಕುಡಿಸಿ ಕಳಿಸಿ.